ಮಧ್ಯಾಹ್ನ ಯಾರನ್ನೂ ಕರೆಯಬೇಡಿ

ನನಗಿಂತ ಮೊದಲು ಆ ಕೆಲಸ ನೋಡಿಕೊಳ್ಳುತ್ತಿದ್ದ ಪ್ರಾಜೆಕ್ಟ್ ಮ್ಯಾನೇಜರ್ ನನಗೆ ಜವಾಬ್ದಾರಿ ವಹಿಸಿಕೊಟ್ಟದ್ದು ಮಣಿಪಾಲದ ಒಂದು ಕ್ಯಾಂಟೀನಿನಲ್ಲಿ. ಮರುದಿನ ಆತ ದುಬೈಗೆ ಹೊರಡುವವನಿದ್ದ. ಲ್ಯಾಪ್‌ಟಾಪ್ ತೆರೆದು ನಕ್ಷೆ, ಗುತ್ತಿಗೆದಾರರ ನಂಬರು, ಯಾವ ಕೆಲಸ ಯಾವಾಗ ಮುಗಿಯಬೇಕೆಂಬ ಚಾರ್ಟು ಎಲ್ಲವನ್ನೂ ತೋರಿಸಿದ. ಎಲ್ಲ ಅಚ್ಚುಕಟ್ಟಾಗಿಯೇ ಇತ್ತು. ಕೊನೆಗೆ ಚಾ ಗ್ಲಾಸು ಕೆಳಗಿಟ್ಟು, "ಮತ್ತೊಂದು ಉಂಟು ಮೇಡಂ. ಅಲ್ಲಿ ಮಧ್ಯಾಹ್ನ ಯಾರನ್ನೂ ಕರೀಬೇಡಿ" ಅಂದ.

"ಊಟದ ಹೊತ್ತಲ್ವಾ, ನಾನ್ಯಾಕೆ ಕರೀಲಿ?"

"ಹಾಗಲ್ಲ. ಹೆಸರು ಹಿಡಿದು ಕರೀಬೇಡಿ. ಯಾರಾದ್ರೂ ಕರೆದ ಹಾಗೆ ಕೇಳಿಸಿದ್ರೂ ಓಗೊಡಬೇಡಿ." ಅಷ್ಟು ಹೇಳಿ ಬಿಲ್ಲು ಕೊಡಲು ಎದ್ದುಹೋದ. ಬಂದ ಮೇಲೆ ಕೇಳೋಣವೆಂದುಕೊಂಡೆ. ಬಂದವನು ಸಿಮೆಂಟಿನ ದರದ ಬಗ್ಗೆ ಮಾತು ತೆಗೆದ.

ಅದುವರೆಗೆ ನಾನು ಜನರ ಕಿವಿ ಪರೀಕ್ಷಿಸುವ ಕೆಲಸದಲ್ಲಿದ್ದೆ. ಶಬ್ದ ನುಗ್ಗದ ಪುಟ್ಟ ಕೋಣೆಯಲ್ಲಿ ರೋಗಿಯನ್ನು ಕೂರಿಸಿ, ಗಾಜಿನ ಆಚೆಯಿಂದ ಸಣ್ಣ ಸಣ್ಣ ಸದ್ದುಗಳನ್ನು ಬಿಟ್ಟು, ಕೇಳಿಸಿದಾಗ ಗುಂಡಿ ಒತ್ತಿ ಎನ್ನುವುದು. ಆ ಮೌನದ ಕೋಣೆ ಒಂದು ದಿನ ನನಗೆ ಸಾಕಾಗಿಹೋಯಿತು. ಸಂಜೆ ಹೊತ್ತು ಮಕ್ಕಳನ್ನು ಅಮ್ಮನ ಹತ್ತಿರ ಬಿಟ್ಟು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕೋರ್ಸು ಮುಗಿಸಿ, ಬನ್ನಂಜೆಯಲ್ಲಿ ಆಫೀಸಿದ್ದ ಒಂದು ಕಟ್ಟಡ ಕಂಪೆನಿಯನ್ನು ಸೇರಿದೆ. ಕಾಪುವಿನಲ್ಲಿ ಅಮ್ಮ ಮೀನು ಕೊಯ್ಯುತ್ತ, "ಬಾಯಿ ಮುಚ್ಚಿ ಕೂತುಕೊಳ್ಳುವ ಕೆಲಸ ಬಿಟ್ಟು ಬೊಬ್ಬೆ ಹಾಕುವ ಕೆಲಸ ಹಿಡಿದಿಯಾ?" ಎಂದು ಕೇಳಿದರು. ಬೊಬ್ಬೆ ಹಾಕುವುದು ನನಗೆ ಹುಟ್ಟಿನಿಂದಲೇ ಬರುತ್ತದೆ ಎಂದು ಅವರಿಗೂ ಗೊತ್ತಿತ್ತು.

ಸೈಟ್ ಇದ್ದದ್ದು ಹೂಡೆಯ ಕಡೆಗೆ ಹೋಗುವ ದಾರಿಯಲ್ಲಿ, ಹೊಳೆಯ ಬದಿಯಲ್ಲಿ. ಮುಚ್ಚಿಹೋಗಿ ಬಹಳ ವರ್ಷಗಳಾದ ಒಂದು ಹೆಂಚಿನ ಕಾರ್ಖಾನೆ. ಶಿರ್ವದ ಕಡೆಯ, ಗಲ್ಫಿನಲ್ಲಿ ವ್ಯಾಪಾರವಿದ್ದ ಒಬ್ಬರು ಅದನ್ನು ಕೊಂಡು ರೆಸಾರ್ಟ್ ಮಾಡಿಸುತ್ತಿದ್ದರು. ಹೆಂಚು ಒಣಗಿಸುತ್ತಿದ್ದ ಉದ್ದನೆಯ ಶೆಡ್ಡುಗಳಿಗೆ ಹಳೆಯ ಚಾವಣಿ ತೆಗೆದು ಕಬ್ಬಿಣದ ಹೊಸ ಮಾಡು, ಒಳಗೆ ಕೋಣೆಗಳು. ಹೆಂಚು ಸುಡುತ್ತಿದ್ದ ಭಟ್ಟಿ ಊಟದ ಹೋಟೆಲಾಗಬೇಕು. ಎತ್ತರದ ಇಟ್ಟಿಗೆಯ ಚಿಮಿಣಿಯನ್ನು ಮಾತ್ರ ಮುಟ್ಟಬಾರದು, ಅದು ರೆಸಾರ್ಟಿನ ಗುರುತು. ಭಟ್ಟಿಯ ಹೊಗೆ ಚಿಮಿಣಿಗೆ ಹೋಗಲೆಂದು ಹಿಂದಿನವರು ನೆಲದಡಿಯಲ್ಲಿ ಇಟ್ಟಿಗೆಯ ಕಮಾನು ಕಟ್ಟಿ ಸುರಂಗ ಮಾಡಿದ್ದರು. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಜಾಗ. ಕೊಳಚೆ ನೀರಿನ ಪೈಪು, ಕರೆಂಟಿನ ಕೇಬಲ್ಲು ಎಲ್ಲವನ್ನೂ ಈ ಸುರಂಗದೊಳಗೇ ಒಯ್ದರೆ ಹೊಸದಾಗಿ ಅಗೆಯುವ ಕೆಲಸ ಉಳಿಯುತ್ತದೆ ಎಂದು ಸೈಟ್ ಇಂಜಿನಿಯರ್ ಹೇಳಿದರು, ನಾನು ಒಪ್ಪಿದೆ. ಮಳೆ ಹಿಡಿಯುವ ಮೊದಲು ಮಾಡು ಮುಚ್ಚಬೇಕಿತ್ತು. ಅದೊಂದೇ ಗಡುವು, ಉಳಿದದ್ದೆಲ್ಲ ಅದಕ್ಕೇ ಕಟ್ಟುಬಿದ್ದಿತ್ತು. ಬನ್ನಂಜೆಯಿಂದ ಯಜಮಾನರು ದಿನಾ ಸಂಜೆ ಫೋನ್ ಮಾಡಿ, "ಚಾರ್ಟ್ ಎಲ್ಲಿಗೆ ಮುಟ್ಟಿತು ಮೇಡಂ?" ಎಂದು ಕೇಳುತ್ತಿದ್ದರು. ನನ್ನ ಕೆಲಸ ಖಾಯಂ ಆಗುವುದೂ ಆ ಮಾಡಿನ ಮೇಲೆಯೇ ನಿಂತಿತ್ತು.

ಶುರುವಿನ ವಾರದಲ್ಲೇ ನನಗೆ ತಲೆ ಕೆಟ್ಟಿತು. ಬೆಳಿಗ್ಗೆ ನೋಡಿದರೆ ಕೆಲಸ ಚೆನ್ನಾಗಿ ಓಡುತ್ತಿತ್ತು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಯಾರೂ ಹೇಳದೆ, ಗಂಟೆ ಬಾರಿಸದೆ, ಎಲ್ಲ ನಿಂತುಹೋಗುತ್ತಿತ್ತು. ಜನ ಬುತ್ತಿ ಹಿಡಿದುಕೊಂಡು ಗೇಟಿನ ಹೊರಗಿನ ಗೋಳಿಮರದ ಬುಡಕ್ಕೆ ಹೋಗಿ ಕೂರುತ್ತಿದ್ದರು. ಊಟ ಮಾಡಲಿ, ಬೇಡವೆನ್ನಲಿಲ್ಲ. ಆದರೆ ಊಟ ಮುಗಿದ ಮೇಲೂ, ನೆರಳು ಪೂರ್ವಕ್ಕೆ ತಿರುಗುವವರೆಗೆ ಯಾರೂ ಯಾರನ್ನೂ ಕೂಗುತ್ತಿರಲಿಲ್ಲ. ಒಳಗೆ ಬಂದು ಕೆಲಸ ಹಿಡಿದರೂ ಕೈಸನ್ನೆಯಲ್ಲಿಯೇ ಎಲ್ಲ. ಮಾಡಿನ ಮೇಲೆ ಇದ್ದವನಿಗೆ ಬೋಲ್ಟು ಬೇಕಾದರೆ ಅವನೇ ಏಣಿ ಇಳಿದು ಬಂದು ಒಯ್ಯುತ್ತಿದ್ದ. ಹೀಗೆ ಒಂದೊಂದು ಮಧ್ಯಾಹ್ನ ಕಳೆದರೆ ಚಾರ್ಟು ಎಲ್ಲಿ ಮುಂದೆ ಹೋಗಬೇಕು?

ಒಂದು ದಿನ ಭಟ್ಟಿಯ ಹಿಂದುಗಡೆ ನಿಂತು ಮೇಸ್ತ್ರಿಯವರನ್ನು ಹೆಸರು ಹಿಡಿದು ಕೂಗಿದೆ. ಕಾರ್ಕಳದ ಕಡೆಯವರು, ನನಗಿಂತ ಬಹಳ ಹಿರಿಯರು, ಗಟ್ಟಿ ಮನುಷ್ಯ. ನನಗೆ ಬೆನ್ನು ಹಾಕಿ, ಕಲ್ಲೆಸೆದರೆ ತಾಗುವಷ್ಟು ಹತ್ತಿರದಲ್ಲೇ ಇದ್ದರು. ತಿರುಗಲಿಲ್ಲ. ಮತ್ತೆ ಕೂಗಿದೆ. ಅವರ ಭುಜ ಸ್ವಲ್ಪ ಬಿಗಿಯಿತು, ಅಷ್ಟೇ. ನಡೆದು ಹೋಗಿ ಎದುರು ನಿಂತು, "ಎಂತ ಮೇಸ್ತ್ರಿಗಳೇ, ನಾನೆಂತ ಗೋಡೆ ಹತ್ರ ಮಾತಾಡಿದ್ದಾ?" ಅಂದೆ.

"ಓ ನೀವಾ ಮೇಡಂ! ಎದುರು ಬಂದು ಹೇಳಿ, ಎಂತ ಬೇಕಾದ್ರೂ ಮಾಡ್ತೇನೆ" ಎಂದು ಅವರು ನಕ್ಕರು. ನಗು ಹೊಟ್ಟೆಯಿಂದ ಬಂದದ್ದಲ್ಲ.

ಆ ಮುಖ ನನಗೆ ಗೊತ್ತಿತ್ತು. ಕಿವಿ ಪರೀಕ್ಷೆಗೆ ಬರುವವರಲ್ಲಿ ಕೆಲವರು ಇರುತ್ತಾರೆ, ಕಿವುಡೆಂದು ಸರ್ಟಿಫಿಕೇಟು ಬೇಕಾದವರು. ಸದ್ದು ಕೇಳಿಸುತ್ತದೆ, ಗುಂಡಿ ಒತ್ತುವುದಿಲ್ಲ. ಅಂಥವರು ಏನೂ ಆಗದವರ ಹಾಗೆ ಕೂತಿದ್ದರೂ ಸದ್ದು ಬಂದ ಗಳಿಗೆಯಲ್ಲಿ ಕಣ್ಣಿನ ಕೆಳಗೆ ಒಂದು ಅಲುಗಾಟ ಇರುತ್ತದೆ. ಎಷ್ಟೋ ವರ್ಷ ಗಾಜಿನ ಆಚೆಯಿಂದ ಅದನ್ನೇ ನೋಡಿದ್ದೇನೆ. ಮಧ್ಯಾಹ್ನದ ಹೊತ್ತು ಈ ಸೈಟಿನಲ್ಲಿ ಎಲ್ಲರ ಮುಖವೂ ಹಾಗೇ ಇತ್ತು. ಬಾಗಲಕೋಟೆಯ ಕಡೆಯಿಂದ ಕಾಂಕ್ರೀಟ್ ಕೆಲಸಕ್ಕೆ ಬಂದವರೂ ಸ್ವಲ್ಪ ದಿನಗಳಲ್ಲೇ ಇದನ್ನು ಕಲಿತುಬಿಟ್ಟಿದ್ದರು. ಇವರೆಲ್ಲ ಏನನ್ನೋ ಕೇಳುತ್ತಿದ್ದಾರೆ, ಕೇಳಿಸಲಿಲ್ಲವೆಂದು ನಟಿಸುತ್ತಿದ್ದಾರೆ.

ಕೇಳಿಸಿದ್ದು ಮರುದಿನ. ನಾನೂ ಹಟ ಹಿಡಿದು ಒಳಗೇ ಕೂತೆ. ಸಮುದ್ರದ ಕಡೆಯಿಂದ ಪಡುಗಾಳಿ ಏಳುವ ಹೊತ್ತು. ಮೊದಲು ಕಿವಿಯಲ್ಲಿ ಒಂದು ಒತ್ತಡ ಬಂದ ಹಾಗಾಯಿತು. ಆಮೇಲೆ ಹೊಳೆಯ ಆಚೆ ದಡದಲ್ಲಿ ನಿಂತು ದೋಣಿಯವನನ್ನು ಯಾರೋ ಕರೆಯುತ್ತಿರುವ ಹಾಗೆ ಒಂದು ಧ್ವನಿ. ತಗ್ಗಿನಲ್ಲಿ ಶುರುವಾಗಿ, ಉದ್ದಕ್ಕೆ ಎಳೆದು, ಕೊನೆಯಲ್ಲಿ ಕೊಂಚ ಮೇಲೆ ಹೋಗಿ ನಿಂತಿತು. ಕರೆಯುವವರು ಹಾಗೆಯೇ ಅಲ್ಲವೇ ಕರೆಯುವುದು? ಸ್ವಲ್ಪ ಬಿಟ್ಟು ಮತ್ತೊಮ್ಮೆ. ಎದ್ದು ಹೊರಗೆ ಬಂದು ತಲೆ ಎತ್ತಿ ನೋಡಿದೆ. ಚಿಮಿಣಿ.

ನನಗೆ ಭಯಕ್ಕಿಂತ ಸಮಾಧಾನವೇ ಆಯಿತು. ಕಾರಣ ಸಿಕ್ಕಿದರೆ ಪರಿಹಾರ ಮಾಡಬಹುದು ಎಂದು ಕೋರ್ಸಿನಲ್ಲಿ ಕಲಿಸಿದ್ದರು. ಮರುದಿನ ಬೆಳಗಿನ ಮೀಟಿಂಗಿನಲ್ಲಿ ಖಾಲಿ ಬಾಟಲಿ ತಂದು, ಅದರ ಬಾಯಿಗೆ ಅಡ್ಡವಾಗಿ ಊದಿ ತೋರಿಸಿದೆ. ಬಾಟಲಿ ಊಂ ಎಂದಿತು. "ಇಷ್ಟೇ. ಪಡುಗಾಳಿ ಎದ್ದಾಗ ಚಿಮಿಣಿಯ ಬಾಯಿಗೆ ಬಡಿಯುತ್ತದೆ. ಅದಕ್ಕೇ ಮಧ್ಯಾಹ್ನವೇ ಕೇಳಿಸುವುದು" ಅಂದೆ.

ಎಲ್ಲರೂ ತಲೆಯಾಡಿಸಿದರು. ಮೇಸ್ತ್ರಿ ಮಾತ್ರ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, "ಗಾಳಿ ಅಂತ ನಮಗೂ ಗೊತ್ತುಂಟು ಮೇಡಂ. ಗಾಳಿಗೆ ನಮ್ಮ ಹೆಸರು ಹೇಗೆ ಗೊತ್ತು?" ಅಂದರು.

"ಎಂತ ಹೆಸರು? ಅದು ಬರೀ ಊ ಅಂತದೆ."

"ನಿಮ್ಮದನ್ನು ಇನ್ನೂ ಕರೀಲಿಲ್ಲ ಹಾಗಾದ್ರೆ." ಅವರು ಹಾಸ್ಯ ಮಾಡುತ್ತಿರಲಿಲ್ಲ. "ಕಾರ್ಖಾನೆ ನಡೀತಿದ್ದ ಕಾಲದಿಂದ ಹೇಳ್ತಾರೆ. ಅದು ಕರೀತದೆ. ಓ ಅಂದವರು ವರ್ಷ ಕಳೆಯುದಿಲ್ಲ. ಕರೆದದ್ದು ಮನುಷ್ಯನೋ ಅದೋ ಅಂತ ಹೇಗೆ ಗೊತ್ತಾಗುದು? ಹಾಗೆ ನಾವು ಯಾರು ಕರೆದ್ರೂ ಓಗೊಡುದಿಲ್ಲ. ನಾವೂ ಯಾರನ್ನೂ ಕರೀದಿಲ್ಲ. ಅಷ್ಟೇ, ಮತ್ತೆಂತ ಇಲ್ಲ."

ನನಗೆ ಸಿಟ್ಟು ಬಂತು. ವಾಕಿಟಾಕಿಗಳನ್ನು ತರಿಸಿದೆ. ಬೆಳಿಗ್ಗೆ ಎಲ್ಲರೂ ಖುಷಿಯಿಂದ ಅದರಲ್ಲಿ ಮಾತಾಡಿದರು. ಮಧ್ಯಾಹ್ನವಾದ ಕೂಡಲೇ ಒಂದೊಂದಾಗಿ ಆಫ್. ಮುಖವಿಲ್ಲದ ಧ್ವನಿ, ಅದೂ ಅಂಗೈಯಲ್ಲಿ! ಅದು ಅವರಿಗೆ ಇನ್ನೂ ಕೆಟ್ಟದಾಗಿ ಕಂಡಿತು. ನಾನೊಬ್ಬಳೇ ಆನ್ ಮಾಡಿಟ್ಟುಕೊಂಡು ಸೈಟ್ ಆಫೀಸಿನ ತಗಡಿನ ಕೋಣೆಯಲ್ಲಿ ಕೂತೆ. ಗರಗರ ಎಂದಿತು. ಆ ಗರಗರದ ಒಳಗಿನಿಂದ ಯಾರೋ ನನ್ನನ್ನು ಕರೆದರು. ಆಫೀಸಿನ ಹೆಸರಿನಿಂದಲ್ಲ. ಕಾಪುವಿನ ಮನೆಯಲ್ಲಿ ಮಾತ್ರ ಕರೆಯುವ ಸಣ್ಣ ಹೆಸರಿನಿಂದ.

ಸದ್ದಿನ ಗೊಂದಲದಲ್ಲಿ ಮಿದುಳು ತನಗೆ ಗೊತ್ತಿದ್ದ ಶಬ್ದವನ್ನು ಹುಡುಕಿಕೊಳ್ಳುತ್ತದೆ, ಅದರಲ್ಲೂ ಸ್ವಂತ ಹೆಸರನ್ನು. ಕಿವಿಯಲ್ಲಿ ಗುಂಯ್‌ಗುಡುತ್ತದೆಂದು ಬಂದ ಎಷ್ಟೋ ರೋಗಿಗಳಿಗೆ ನಾನೇ ಇದನ್ನು ಹೇಳಿ ಧೈರ್ಯ ತುಂಬಿದ್ದೆ. ಮಲ್ಪೆಯ ಬೋಟುಗಳ ವಯರ್‌ಲೆಸ್ ಅಡ್ಡ ಬಂದಿರಬೇಕು ಎಂದೂ ಅಂದುಕೊಂಡೆ. ಆದರೂ ಗಂಟಲಿನವರೆಗೆ ಬಂದಿದ್ದ ಓ ಎಂಬುದನ್ನು ನುಂಗಿಕೊಂಡೆ. ಉಳಿದ ಹ್ಯಾಂಡ್‌ಸೆಟ್ಟುಗಳೆಲ್ಲ ಆಫ್ ಆಗಿ ನನ್ನ ಹಿಂದಿನ ಮೇಜಿನ ಮೇಲೆಯೇ ಸಾಲಾಗಿದ್ದವು. ಈ ವಿಷಯವನ್ನು ಯಾರಿಗೂ ಹೇಳಲಿಲ್ಲ.

ರೆಸಾರ್ಟಿನ ಮಾಲೀಕರ ಕಾಲು ಹಿಡಿಯುವುದೊಂದು ಬಾಕಿ, ಅಂತೂ ಕೆಲಸ ಮುಗಿಯುವವರೆಗೆ ಚಿಮಿಣಿಯ ಬಾಯಿ ಮುಚ್ಚಲು ಒಪ್ಪಿಸಿದೆ. ಮಾಡಿನ ವೆಲ್ಡಿಂಗಿನವರು ಮೇಲೆ ಹತ್ತಿ ದಪ್ಪ ತಗಡು ಕೂರಿಸಿ ಬಿಗಿದರು. ಶಬ್ದ ನಿಂತಿತು. ಕೆಲವು ದಿನ ಮಧ್ಯಾಹ್ನಗಳಲ್ಲಿ ಸ್ವಲ್ಪ ಮಾತು, ಸ್ವಲ್ಪ ನಗು ಕೇಳಿಸಿತು. ಯಜಮಾನರಿಗೆ ಫೋನಿನಲ್ಲಿ, "ಇನ್ನು ತೊಂದರೆ ಇಲ್ಲ ಸರ್, ಸರಿ ಮಾಡಿದ್ದೇನೆ" ಎಂದು ಬೀಗಿದೆ.

ಆಮೇಲೊಂದು ಮಧ್ಯಾಹ್ನ ಅದು ನೆಲದೊಳಗಿನಿಂದ ಬಂತು. ಮೊದಲಿಗಿಂತ ಮೆತ್ತಗೆ, ಮೊದಲಿಗಿಂತ ಹತ್ತಿರ. ಪಾದದಡಿಯಲ್ಲಿ ಯಾರೋ ಮಲಗಿ ಕರೆದ ಹಾಗೆ. ಮೇಲೆ ಮುಚ್ಚಿದ್ದರಿಂದ ಗಾಳಿ ಸುರಂಗದ ಬಿರುಕುಗಳಲ್ಲಿ ದಾರಿ ಹುಡುಕಿಕೊಂಡಿದೆ ಎಂದು ನಾನು ಇಂಜಿನಿಯರಿಗೆ ವಿವರಿಸಿದೆ. ಅವರು ಮಣಿಪಾಲದಲ್ಲಿ ಓದಿದವರು, ಹೌದು ಹೌದು ಎಂದರು. ಅವತ್ತಿನಿಂದ ಅವರೂ ಗೋಳಿಮರದ ಬುಡಕ್ಕೆ ಹೋಗತೊಡಗಿದರು.

ಆ ಘಟನೆ ನಡೆದ ದಿನ ಬೆಳಿಗ್ಗೆ ಪ್ಲಂಬರ್ ಮತ್ತು ಅವನ ಜೊತೆಗಾರ ಸುರಂಗದಲ್ಲಿ ಪೈಪಿನ ಇಳಿಜಾರಿನ ಅಳತೆ ತೆಗೆಯುತ್ತಿದ್ದರು. ಪ್ಲಂಬರ್ ಕಾರ್ಕಳದ ಹತ್ತಿರದವನು, ನನ್ನದೇ ಪ್ರಾಯ, ಮಾತು ಕಡಿಮೆ. ಸುರಂಗದೊಳಗೆ ಒಬ್ಬೊಬ್ಬರೇ ಹೋಗಬಾರದೆಂದು ನಾನು ನಿಯಮ ಮಾಡಿದ್ದೆ. ಪೈಪು ಜೋಡಿಸುವ ಕಪ್ಲಿಂಗ್ ಸಾಲದೆ ಬಂದದ್ದರಿಂದ ಜೊತೆಗಾರ ಬೈಕಿನಲ್ಲಿ ಉಡುಪಿಗೆ ಹೋದ. ಪ್ಲಂಬರನೂ ಬೈಕ್ ಹತ್ತಿ ಹೋಗಿದ್ದಾನೆಂದು ಎಲ್ಲರೂ ತಿಳಿದರು. ಆದರೆ ಅವನು ಅಳತೆಯ ಟೇಪನ್ನು ಸುರಂಗದಲ್ಲೇ ಮರೆತು ಬಂದದ್ದಕ್ಕೆ ಮತ್ತೆ ಒಳಗೆ ಹೋಗಿದ್ದ. ಅದೇ ಹೊತ್ತಿಗೆ ಜೆಸಿಬಿ ಶೆಡ್ಡಿನ ಹಳೆಯ ಅಡಿಪಾಯವನ್ನು ಕೀಳುತ್ತಿತ್ತು. ಭಟ್ಟಿಯ ಪಕ್ಕದಲ್ಲಿ ನೆಲ ಒಂದು ಸಲ ಧಡ್ ಎಂದಿತು. ಜೆಸಿಬಿಯದೇ ಸದ್ದೆಂದು ಯಾರೂ ಲಕ್ಷ್ಯ ಕೊಡಲಿಲ್ಲ. ಬಿಸಿಲು ಏರಿತ್ತು, ಯಂತ್ರ ನಿಲ್ಲಿಸಿ ಎಲ್ಲರೂ ಹೊರಗೆ ಹೋದರು.

ಬೇರೆ ಯಾವ ಸೈಟಿನಲ್ಲಾದರೂ ಊಟಕ್ಕೆ ಬಿಡುವಾಗ ಹೆಸರು ಕರೆದು ಯಾರು ಬಂದರು, ಯಾರು ಬರಲಿಲ್ಲ ಎಂದು ನೋಡುತ್ತಾರೆ. ನಮ್ಮಲ್ಲಿ ಮಧ್ಯಾಹ್ನ ಹೆಸರು ಕರೆಯುವಂತಿಲ್ಲವಲ್ಲ. ಹಾಗಾಗಿ ಒಬ್ಬ ಕಡಿಮೆಯಿದ್ದಾನೆಂದು ಯಾರಿಗೂ ತಿಳಿಯಲಿಲ್ಲ.

ನಾನೂ ಅವತ್ತು ಗೋಳಿಮರದ ಕಡೆಗೆ ಬಂದಿದ್ದೆ, ಮೇಸ್ತ್ರಿಯವರ ಹತ್ತಿರ ಮಾಡಿನ ಲೆಕ್ಕ ಕೇಳಲು. ಅಷ್ಟರಲ್ಲಿ ನೆಲದೊಳಗಿನಿಂದ ಅದು ಶುರುವಾಯಿತು. ತಗ್ಗಿನಿಂದ ಎದ್ದು ಕೊನೆಯಲ್ಲಿ ಮೇಲೇರುವ ಅದೇ ಎಳೆತ. ಎಲ್ಲರೂ ಉಣ್ಣುತ್ತಲೇ ಇದ್ದರು. ಎಲ್ಲರ ಕಣ್ಣಿನ ಕೆಳಗೂ ಆ ಅಲುಗಾಟ. ಎರಡನೆಯ ಸಲ ಬಂತು. ಯಾಕೋ ನನಗೆ ಬೆಳಗಿನ ಆ ಧಡ್ ಎಂಬ ಸದ್ದು ನೆನಪಾಯಿತು. "ಪ್ಲಂಬರ್ ಎಲ್ಲಿ?" ಎಂದೆ.

"ಉಡುಪಿಗೆ ಹೋಗಿದ್ದಾನೆ ಮೇಡಂ, ಇಬ್ಬರೂ."

"ಇಬ್ಬರೂ ಹೋದದ್ದು ನೋಡಿದ್ದು ಯಾರು?"

ಯಾರೂ ನೋಡಿರಲಿಲ್ಲ. ಜೊತೆಗಾರನಿಗೆ ಫೋನ್ ಮಾಡಿದೆ. ಎತ್ತಲಿಲ್ಲ, ಬೈಕಿನಲ್ಲಿರಬೇಕು. ಪ್ಲಂಬರನ ಫೋನ್ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಹೇಳಿತು. ಓಡಿ ಹೋಗಿ ಭಟ್ಟಿಯ ಬಾಯಿಂದ ಸುರಂಗದೊಳಗೆ ಟಾರ್ಚು ಬಿಟ್ಟೆ. ಒಂದಷ್ಟು ದೂರದಲ್ಲಿ ಕಮಾನು ಕುಸಿದು ಇಟ್ಟಿಗೆ, ಮಣ್ಣು ದಾರಿಯನ್ನು ಪೂರ್ತಿ ಮುಚ್ಚಿತ್ತು. ಧೂಳು ಇನ್ನೂ ಗಾಳಿಯಲ್ಲೇ ಇತ್ತು. ಅದರ ಆಚೆಯಿಂದ ಮತ್ತೆ ಬಂತು ಆ ಧ್ವನಿ.

ಅದು ಮನುಷ್ಯನದ್ದೋ, ಗಾಳಿಯದ್ದೋ? ಎಷ್ಟೋ ವರ್ಷ ಇದೇ ಕೆಲಸ ಮಾಡಿದವಳು ನಾನು, ನನಗೆ ಹೇಳಲಾಗಲಿಲ್ಲ. ಮಣ್ಣು ಮತ್ತು ಇಟ್ಟಿಗೆಯನ್ನು ದಾಟಿ ಬರುವ ಮಾತಿನಲ್ಲಿ ಕ, ಚ, ತ, ಸ ಯಾವುದೂ ಉಳಿಯುವುದಿಲ್ಲ. ಆ, ಊ ಎಂಬ ಎಳೆತ ಮಾತ್ರ ದಾಟುತ್ತದೆ. ಅಣ್ಣಾ ಎಂದು ಕೂಗಿದರೂ ಅಷ್ಟೇ, ಚಿಮಿಣಿ ಊದಿದರೂ ಅಷ್ಟೇ. ತಿಳಿಯಲು ಒಂದೇ ಉಪಾಯ. ನಾನು ಉತ್ತರ ಕೊಡಬೇಕು, ಆ ಕಡೆಯಲ್ಲಿ ಏನಾದರೂ ಬದಲಾಗುತ್ತದೋ ನೋಡಬೇಕು.

ಮೇಸ್ತ್ರಿ ಹಿಂದೆಯೇ ಬಂದಿದ್ದರು. ನಾನು ಬಾಯಿ ತೆರೆಯುವುದು ಕಂಡು ಗಬಕ್ಕನೆ ತೋಳು ಹಿಡಿದರು. ಅದುವರೆಗೆ ಮೇಡಂ ಬಿಟ್ಟು ಬೇರೆ ಕರೆದವರಲ್ಲ. "ಬೇಡ ಮಾರಾಯ್ತಿ! ಫೈರಿನವರು ಬರ್ಲಿ, ತೋಡಿ ನೋಡುವ. ಓ ಅನ್ಬೇಡ. ನಿನಗೆ ಮಕ್ಕಳಿದ್ದಾರೆ."

ನನಗೂ ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ವಾಕಿಟಾಕಿಯಲ್ಲಿ ಕೇಳಿದ ಆ ಸಣ್ಣ ಹೆಸರು ಕಿವಿಯಲ್ಲಿ ಮತ್ತೆ ಸುಳಿಯಿತು. ಒಳಗೆ ಒಬ್ಬ ಇದ್ದು, ಅವನು ಕರೆಯುತ್ತಾ, ನಾವೆಲ್ಲ ಹೊರಗೆ ಗಂಜಿ ಉಣ್ಣುತ್ತಾ ಕೂತಿದ್ದರೆ? ಅದನ್ನು ಯೋಚಿಸಿದ್ದೇ ಉಳಿದದ್ದೆಲ್ಲ ಸಣ್ಣದಾಗಿ ಕಂಡಿತು. ತೋಳು ಬಿಡಿಸಿಕೊಂಡು ಸುರಂಗದೊಳಗೆ ತಲೆ ಹಾಕಿ, ನನ್ನ ಇಡೀ ಗಂಟಲು ಕೊಟ್ಟು "ಓ..." ಎಂದೆ.

ಧ್ವನಿ ನಿಂತಿತು. ಎಷ್ಟು ಹೊತ್ತು ನಿಂತಿತೋ. ಮೇಸ್ತ್ರಿ ಹಣೆಗೆ ಕೈ ಒತ್ತಿ ಏನೋ ಗೊಣಗುತ್ತಿದ್ದರು. ಆಮೇಲೆ ಗಿಡ್ಡಗಿಡ್ಡವಾಗಿ, ಬಿಟ್ಟುಬಿಟ್ಟು, ಉಸಿರು ತೆಗೆದುಕೊಳ್ಳುವವರ ಹಾಗೆ ಬೇರೆಯದೇ ಒಂದು ಕೂಗು ಬಂತು. "ಕೇಳಿಸ್ತಿದ್ರೆ ಕಲ್ಲಿಂದ ಗೋಡೆಗೆ ಬಡಿ!" ಎಂದು ಕಿರುಚಿದೆ. ಟಕ್ ಟಕ್ ಎಂದಿತು. ಮೇಸ್ತ್ರಿ ಅಲ್ಲೇ ಕುಕ್ಕರಿಸಿ ಕೂತರು. ಇಂಜಿನಿಯರು ಅಗ್ನಿಶಾಮಕದವರಿಗೆ ಫೋನ್ ಹಚ್ಚಿದರು, ಅವರು ಉಡುಪಿಯಿಂದ ಬರಬೇಕಿತ್ತು.

ಈಗ ಎಲ್ಲರೂ ಓಡಿ ಬಂದರು. ಜೆಸಿಬಿಯವನು ಯಂತ್ರ ಚಾಲೂ ಮಾಡಲು ಹತ್ತಿಯೇಬಿಟ್ಟಿದ್ದ. ಇಳಿಸಿದೆ. ಅದರ ಅದುರಾಟಕ್ಕೆ ಉಳಿದ ಕಮಾನೂ ಬಿದ್ದರೆ ಮುಗಿಯಿತು. ನಮಗೆ ಎರಡು ದಾರಿಗಳಿದ್ದವು. ಭಟ್ಟಿಯ ಕಡೆಯಿಂದ ಕೈಯಲ್ಲೇ ಇಟ್ಟಿಗೆ ತೆಗೆಯುತ್ತ ಹೋಗುವುದು ಒಂದು. ಚಿಮಿಣಿಯ ಬುಡದಲ್ಲಿ ಮಸಿ ತೆಗೆಯಲೆಂದು ಇಟ್ಟಿದ್ದ, ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಸಣ್ಣ ಕಬ್ಬಿಣದ ಬಾಗಿಲನ್ನು ಕತ್ತರಿಸಿ ಆ ಕಡೆಯಿಂದ ಒಳಗೆ ಹೋಗುವುದು ಇನ್ನೊಂದು. ಅವನು ಕುಸಿದ ಮಣ್ಣಿಗೆ ತಾಗಿಕೊಂಡೇ ಇದ್ದರೆ ನಾವು ಇಟ್ಟಿಗೆ ಎಳೆದಾಗ ಮೇಲಿನದೆಲ್ಲ ಅವನ ಮೇಲೆಯೇ ಬರುತ್ತದೆ. ದೂರದಲ್ಲಿದ್ದರೆ ಇಲ್ಲಿ ತೋಡುವುದೇ ದಂಡ. ಚಿಮಿಣಿಯ ಬಾಯಿಯನ್ನು ಮುಚ್ಚಿಸಿದವಳು ನಾನೇ. ಒಳಗಿನ ಗಾಳಿ ಎಷ್ಟು ಹೊತ್ತಿಗೆ ಸಾಕು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಕೂಗು ಎರಡೂ ಕಡೆ ಒಂದೇ ಸಮ ಕೇಳಿಸುತ್ತಿತ್ತು.

ಒಂದು ಕಿವಿಯನ್ನು ಪರೀಕ್ಷಿಸುವಾಗ ಇನ್ನೊಂದು ಕಿವಿ ಕದ್ದು ಕೇಳಿ ಮೋಸ ಮಾಡದ ಹಾಗೆ, ಆ ಇನ್ನೊಂದನ್ನು ನಾವು ಬೇರೆ ಸದ್ದಿನಿಂದ ಮುಚ್ಚಿಬಿಡುತ್ತೇವೆ. ಅದೇ ನೆನಪಾಯಿತು. ಗೋಣಿಚೀಲಗಳನ್ನು ಒದ್ದೆ ಮಾಡಿಸಿ ಮೊದಲು ಕಬ್ಬಿಣದ ಬಾಗಿಲಿಗೆ ದಪ್ಪಗೆ ಹೊದೆಸಿದೆವು. ನಾನು ಭಟ್ಟಿಯ ಬಾಯಲ್ಲಿ ಕೂತು ಒಳಗಿದ್ದವನಿಗೆ ಕೂಗಲು ಹೇಳಿದೆ. ಧ್ವನಿ ಬಹಳ ಇಳಿದುಹೋಗಿತ್ತು. ಅಂದರೆ ಇಲ್ಲಿ ಕೇಳಿಸುತ್ತಿದ್ದದ್ದರಲ್ಲಿ ಹೆಚ್ಚಿನದು ಆ ಬಾಗಿಲಿನ ಸಂದಿಯಿಂದ ಹೊರಗೆ ಸುತ್ತಿ ಬಂದದ್ದು. ಅಲ್ಲಿಂದ ಚೀಲಗಳನ್ನು ಕಿತ್ತು ತಂದು ಭಟ್ಟಿಯ ಬಾಯನ್ನು ಗಿಡಿದೆವು. ಚಿಮಿಣಿಯ ಬುಡಕ್ಕೆ ಓಡಿ ಬಾಗಿಲಿಗೆ ಕಿವಿ ಹಚ್ಚಿದೆ. ಕೂಗು ಸ್ವಲ್ಪವೂ ಕಡಿಮೆಯಾಗಿರಲಿಲ್ಲ. ಕೂಗಿನ ನಡುವೆ ಕೆಮ್ಮಿದ್ದೂ ಕೇಳಿಸಿತು.

"ಈ ಕಡೆಯೇ ಇದ್ದಾನೆ. ಬಾಗಿಲು ಕತ್ತರಿಸಿ" ಅಂದೆ.

"ತಪ್ಪಿದ್ರೆ ಮೇಡಂ?" ಇಂಜಿನಿಯರು ಕೇಳಿದರು.

"ತಪ್ಪಿದ್ರೆ ನಾನು ಹೇಳಿದ್ದು ಅಂತ ಹೇಳಿ. ಮೊದ್ಲು ಗ್ರೈಂಡರ್ ತನ್ನಿ!"

ವೆಲ್ಡಿಂಗಿನವರು ಬಾಗಿಲಿನ ಕೀಲುಗಳಿಗೆ ಗ್ರೈಂಡರ್ ಇಟ್ಟರು. ನಡುನಡುವೆ ನಾನು ಅದನ್ನು ನಿಲ್ಲಿಸಿ ಒಳಗಿನ ಸದ್ದು ಕೇಳುತ್ತಿದ್ದೆ. ಒಮ್ಮೆ ಏನೂ ಕೇಳಿಸಲಿಲ್ಲ. ಆಗ ಮೇಸ್ತ್ರಿ ಬಾಗಿಲಿಗೆ ಬಾಯಿ ಹಚ್ಚಿ, ಅವನ ಹೆಸರು ಹಿಡಿದು, ಜೋರಾಗಿ ಕೂಗಿದರು. ಮಧ್ಯಾಹ್ನದ ಹೊತ್ತಿನಲ್ಲಿ ಆ ಜಾಗದಲ್ಲಿ ಅವರು ಮನುಷ್ಯರ ಹೆಸರು ಕರೆದದ್ದು ಅದೇ ಮೊದಲಿರಬೇಕು. ಒಳಗಿನಿಂದ ಟಕ್ ಎಂದಿತು.

ಬಾಗಿಲು ಕಳಚಿ ಬಿತ್ತು. ಎಷ್ಟೋ ವರ್ಷಗಳ ಮಸಿ ಹೊರಗೆ ಸುರಿಯಿತು. ಅದರ ಹಿಂದೆ ಒಂದು ಕೈ, ಆಮೇಲೆ ತಲೆ. ಕಣ್ಣಿನ ಬಿಳಿ ಬಿಟ್ಟರೆ ಎಲ್ಲ ಕಪ್ಪು. ಎಳೆದು ಹೊರಗೆ ಹಾಕಿದರು. ಮೊಣಕಾಲು ತರಚಿತ್ತು, ಬೇರೇನೂ ಆಗಿರಲಿಲ್ಲ. ಅಗ್ನಿಶಾಮಕದವರ ವಾಹನ ಗೇಟಿಗೆ ಬರುವ ಹೊತ್ತಿಗೆ ಅವನು ಗೋಡೆಗೆ ಒರಗಿ ಕೂತು ನೀರು ಕುಡಿಯುತ್ತಿದ್ದ. ನಾನು ಅವನ ಪಕ್ಕ ನೆಲದಲ್ಲೇ ಕೂತೆ. ಅಳು ಬಂತು, ಅತ್ತೆ. ಯಾರಾದರೂ ನೋಡಿದರೆ ನೋಡಲಿ ಎನ್ನಿಸಿತು.

ಜನ ಅತ್ತ ಸರಿದ ಮೇಲೆ, "ನೀನು ಕೂಗುತ್ತಾ ಇದ್ದಿಯಲ್ಲ, ಅದರಿಂದ ಬದುಕಿದೆ ಮಾರಾಯ" ಎಂದೆ.

ಅವನು ಬಾಟಲಿ ಕೆಳಗಿಟ್ಟು ನನ್ನನ್ನು ನೋಡಿದ. "ನಾನು ಕೂಗ್ಲಿಲ್ಲ ಮೇಡಂ."

"ಎಂತ?"

"ಮಧ್ಯಾಹ್ನ ಅಲ್ವಾ. ಕೂಗಿದ್ರೆ ಯಾರೂ ಓಗೊಡುದಿಲ್ಲ ಅಂತ ಗೊತ್ತುಂಟಲ್ಲ. ಸುಮ್ಮನೆ ಯಾಕೆ ಉಸಿರು ಹಾಳು ಮಾಡುದು ಅಂತ ಕೂತಿದ್ದೆ. ನೆರಳು ತಿರುಗಿದ ಮೇಲೆ ಕೂಗುವ ಅಂತ. ಮತ್ತೆ ನೀವು ಓ ಅಂದದ್ದು ಕೇಳಿತು. ಆವಾಗ ಕೂಗಿದ್ದು."

ಅವನು ಕೂಗಿಲ್ಲವೆಂದರೆ ನಾನು ಓಗೊಟ್ಟದ್ದು ಯಾರಿಗೆ ಎಂಬ ಪ್ರಶ್ನೆ ಒಂದು. ಗಾಳಿಗೆ ಎಂದು ಇವತ್ತಿಗೂ ಹೇಳಿಕೊಳ್ಳುತ್ತೇನೆ. ಆದರೆ ಅವತ್ತು ನನಗೆ ನಾಚಿಕೆಯಾದದ್ದು ಅದಕ್ಕಲ್ಲ. ಮಣ್ಣಿನಡಿಯಲ್ಲಿ ಸಿಕ್ಕಿಬಿದ್ದ ಮನುಷ್ಯ, ಹತ್ತಿರದಲ್ಲೇ ಇದ್ದ ನಮ್ಮನ್ನು ಕರೆಯದೆ ಸುಮ್ಮನೆ ಕೂತಿದ್ದನಲ್ಲ, ಅದಕ್ಕೆ. ಕೂಗಿದರೆ ಪ್ರಯೋಜನವಿಲ್ಲ ಎಂದು ಅವನಿಗೆ ಅ ಆ ಇ ಈಯಷ್ಟೇ ಖಚಿತವಾಗಿ ಗೊತ್ತಿತ್ತು. ಅಂಥ ಸೈಟಿಗೆ ಮ್ಯಾನೇಜರ್ ನಾನು.

ಸಂಜೆ ಯಜಮಾನರ ಫೋನು ಬಂತು. ಸುರಂಗದ ದಾರಿ ರದ್ದು, ಹೊರಗಿನಿಂದಲೇ ಹೊಸದಾಗಿ ಅಗೆದು ಪೈಪು ಹಾಕುತ್ತೇವೆ, ಚಿಮಿಣಿಯ ತಗಡನ್ನೂ ತೆಗೆಸುತ್ತೇನೆ ಎಂದೆ.

"ಮಳೆ ಬಂದ್ರೆ ಮಾಡು?"

"ಟಾರ್ಪಾಲ್ ಹಾಕ್ತೇವೆ. ಆಗುದಿಲ್ಲ ಅಂತಾದ್ರೆ ಬೇರೆಯವರನ್ನು ನೋಡಿ ಸರ್. ನಾನು ಪುನಃ ಕಿವಿ ನೋಡ್ಲಿಕ್ಕೆ ಹೋಗ್ತೇನೆ."

"ಟಾರ್ಪಾಲ್ ಒಳ್ಳೇದು ತಕೊಳ್ಳಿ" ಎಂದು ಹೇಳಿ ಇಟ್ಟರು.

ಮರುದಿನ ಬೆಳಿಗ್ಗೆ ತಗಡು ಕೆಳಗಿಳಿಯಿತು. ಮಧ್ಯಾಹ್ನ ಎಲ್ಲರೂ ಗೋಳಿಮರದ ಬುಡಕ್ಕೆ ಹೋಗುವ ಮೊದಲು ಗೇಟಿನಲ್ಲಿ ಅಡ್ಡ ನಿಂತೆ. ಇನ್ನು ಮೇಲೆ ದಿನಾ ಈ ಹೊತ್ತಿಗೆ ಹೆಸರು ಕರೆಯುತ್ತೇನೆ, ಪ್ರತಿಯೊಬ್ಬರೂ ಓ ಎನ್ನಬೇಕು, ಆಮೇಲೆಯೇ ಊಟ ಎಂದೆ. ಯಾರೂ ಅಲುಗಲಿಲ್ಲ. ಮೇಸ್ತ್ರಿ, "ಬೆಳಿಗ್ಗೆ ಕರೀರಿ ಮೇಡಂ. ಸಂಜೆ ಕರೀರಿ. ನಿನ್ನೆಯದ್ದು ಜೀವದ ವಿಷಯ, ದಿನಾ ಅದನ್ನು ಕೆಣಕುದು ಬೇಡ" ಎಂದು ಬೇಡಿಕೊಳ್ಳುವ ಧ್ವನಿಯಲ್ಲಿ ಹೇಳಿದರು. ನಾನು ಮೊದಲನೆಯ ಹೆಸರು ಕರೆದೆ. ಉತ್ತರ ಬರಲಿಲ್ಲ. ಮತ್ತೆ ಕರೆದೆ. ಆತ ನೆಲ ನೋಡುತ್ತಿದ್ದ.

ಅದೇ ಹೊತ್ತಿಗೆ ಪಡುಗಾಳಿ ಎದ್ದಿತು. ಗೋಳಿಯ ಎಲೆಗಳು ಹೊರಳಿದವು. ಹಿಂದಿನಿಂದ, ತೆರೆದ ಚಿಮಿಣಿಯ ಬಾಯಿಂದ, ತಗ್ಗಿನಲ್ಲಿ ಶುರುವಾಗಿ ಉದ್ದಕ್ಕೆ ಎಳೆದು ಅದು ಕರೆಯಿತು. ನನ್ನ ಬಾಯಲ್ಲಿದ್ದ ಹೆಸರು ಅಲ್ಲೇ ನಿಂತಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ನಿನ್ನೆ ಓಗೊಟ್ಟವಳನ್ನು. ನನಗೂ ಆ ಕಡೆ ತಿರುಗಲು ಧೈರ್ಯ ಬರಲಿಲ್ಲ.

ಮೊಣಕಾಲಿಗೆ ಬಟ್ಟೆ ಕಟ್ಟಿಕೊಂಡು ಕಲ್ಲಿನ ಮೇಲೆ ಕೂತಿದ್ದ ಪ್ಲಂಬರ್ ಎದ್ದ. ಕುಂಟುತ್ತ ನಮ್ಮನ್ನು ದಾಟಿ ಗೇಟಿನ ಒಳಗೆ ಹೋಗಿ, ಚಿಮಿಣಿಗೆ ಮುಖ ಮಾಡಿ ನಿಂತು, ಅಂಗಳದಿಂದ ಮನೆಯವರು ಕರೆದಾಗ ಹೇಳುವ ಹಾಗೆ ಗಟ್ಟಿಯಾಗಿ "ಓ" ಎಂದ.

"ಎಂತ ಮಾಡಿದೆ ಮಾರಾಯ!" ಎಂದರು ಮೇಸ್ತ್ರಿ.

"ನಿನ್ನೆ ನೀವೆಲ್ಲ ಸುಮ್ಮನಿದ್ದಾಗ ನನ್ನ ಬದಲು ಕರೆದದ್ದು ಅದೊಂದೇ ಅಲ್ವಾ" ಎಂದ ಅವನು, ನಮ್ಮ ಕಡೆ ತಿರುಗದೆ.

ನಾನು ಮೊದಲನೆಯ ಹೆಸರನ್ನು ಮತ್ತೊಮ್ಮೆ ಕರೆದೆ. ಈ ಸಲ ಆತ ತಲೆ ಎತ್ತಿ ಓ ಎಂದ.